ಯಾದವಗಿರಿಯ ಮನೆ, ಜಯನಗರದ ಮಾತು



ಮೈಸೂರಿನ ಯಾದವಗಿರಿಯಲ್ಲಿ ಎರಡಂತಸ್ತಿನ ಒಂದು ಮನೆ ಇದೆ. ಮುಂಭಾಗದಲ್ಲಿ ಅರ್ಧವೃತ್ತವಾಗಿ ಹೊರಕ್ಕೆ ಬಾಗಿದ ಗೋಡೆ, ಆ ಗೋಡೆಗೆ ಸಾಲಾಗಿ ಕಿಟಕಿಗಳು. 2011ರಲ್ಲಿ ಆ ಮನೆಯನ್ನು ಕೆಡವುವ ಕೆಲಸ ಶುರುವಾಗಿತ್ತು. 2016ರ ಜುಲೈನಲ್ಲಿ ಅದೇ ಮನೆ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಈ ಐದು ವರ್ಷಗಳಲ್ಲಿ ನಡೆದದ್ದೇನು ಎಂಬುದನ್ನು ದಕ್ಷಿಣ ಬೆಂಗಳೂರಿನ ನಾವು, ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಯ ನಿವಾಸಿಗಳು, ಮನಸ್ಸಿಟ್ಟು ತಿಳಿದುಕೊಳ್ಳಬೇಕು. ಆ ಮನೆಯ ವಯಸ್ಸಿನವೇ ಆದ ಮನೆಗಳು ನಮ್ಮ ಬೀದಿಗಳಲ್ಲೂ ಇವೆ. ಅವುಗಳ ಮುಂದೆಯೂ ಈಗ ಜೆಸಿಬಿ ಬಂದು ನಿಲ್ಲುತ್ತಿದೆ.

ಆ ಮನೆ ಯಾರದೆಂದು ಬಹಳ ಮಂದಿ ಆಗಲೇ ಊಹಿಸಿರುತ್ತೀರಿ. ಅದು ಆರ್.ಕೆ. ನಾರಾಯಣ್ ಅವರ ಮನೆ. 1906ರಲ್ಲಿ ಮದರಾಸಿನಲ್ಲಿ ಹುಟ್ಟಿದ ನಾರಾಯಣ್ ಬಾಳಿನ ಬಹುಭಾಗವನ್ನು ಕಳೆದದ್ದು ಮೈಸೂರಿನಲ್ಲಿ. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಬಂದಾಗ ಮಾಲ್ಗುಡಿ ಎಂಬ ಊರು ಓದುಗರ ಕಣ್ಣಿಗೆ ಬಿತ್ತು. ಐವತ್ತು ವರ್ಷಗಳ ಮೇಲೆ ಶಂಕರ್‌ನಾಗ್ ಅದೇ ಊರನ್ನು ಆಗುಂಬೆಯಲ್ಲಿ ಕಟ್ಟಿ ದೂರದರ್ಶನಕ್ಕೆ ತಂದಾಗ ಅದು ಮನೆಮನೆಯ ಮಾತಾಯಿತು. 1940ರ ದಶಕದ ಕೊನೆಯಲ್ಲಿ ನಾರಾಯಣ್ ಯಾದವಗಿರಿಯಲ್ಲಿ ಮನೆಯ ಕೆಲಸಕ್ಕೆ ಕೈಹಾಕಿದರು. ಮನೆ ಕಟ್ಟಿ ನೋಡು ಎಂಬ ಗಾದೆಯ ಕಷ್ಟಗಳೆಲ್ಲ ಅವರಿಗೂ ಬಂದವು. ಕೆಲಸ ವರ್ಷಗಟ್ಟಲೆ ಎಳೆಯಿತು. ಬರೆಯುವುದಕ್ಕೆಂದು ಎಂಟು ಕಿಟಕಿಗಳ ಒಂದು ಕೋಣೆಯನ್ನು ತಾವೇ ಯೋಚಿಸಿ ಮಾಡಿಸಿಕೊಂಡರು. ಅಲ್ಲಿ ಕೂತರೆ ಚಾಮುಂಡಿ ಬೆಟ್ಟ ಕಾಣುತ್ತಿತ್ತು, ಊರಿನ ಗೋಪುರ ಗುಮ್ಮಟಗಳು ಕಾಣುತ್ತಿದ್ದವು, ಬಯಲಲ್ಲಿ ಮೇಯುವ ದನ ಕುರಿ ಕಾಣುತ್ತಿದ್ದವು, ರೈಲು ಹೋಗುವುದೂ ಕಾಣುತ್ತಿತ್ತು ಎಂದು ಅವರೇ ಬರೆದಿದ್ದಾರೆ. 1958ರ 'ದಿ ಗೈಡ್', 1961ರ 'ದಿ ಮ್ಯಾನ್‌ಈಟರ್ ಆಫ್ ಮಾಲ್ಗುಡಿ', 1967ರ 'ದಿ ವೆಂಡರ್ ಆಫ್ ಸ್ವೀಟ್ಸ್', ಇವೆಲ್ಲ ಅವರು ಈ ಮನೆಯ ಯಜಮಾನರಾಗಿದ್ದ ಕಾಲದಲ್ಲಿ ಬಂದ ಪುಸ್ತಕಗಳು.

ಆ ಮನೆಯನ್ನು ಮೊದಲ ಸಲ ನೋಡುವವರಿಗೆ ಅದು ಯಾವ ಶೈಲಿಯದು ಎಂದು ಹೇಳುವುದು ಸುಲಭವಲ್ಲ. ಬಾಗಿದ ಕಿಟಕಿಗೋಡೆ ಇಂಗ್ಲೆಂಡಿನಿಂದ ಬಂದ ಪದ್ಧತಿ. ಒಳಗಿನ ಬಾಳುವೆ ದಕ್ಷಿಣದ ಒಂದು ಕುಟುಂಬದ್ದು. ಕಟ್ಟಿದ ಕೈಗಳು ಮೈಸೂರಿನ ಕೆಲಸಗಾರರದು. ಹೀಗೆ ಎರಡು ಮೂರು ನಾಡಿನ ರೂಢಿಗಳು ಒಂದೇ ಸೂರಿನಡಿ ಕೂಡಿಕೊಂಡ ಮನೆಗಳು ವಸಾಹತು ಆಳ್ವಿಕೆ ನಡೆದ ಊರುಗಳಲ್ಲೆಲ್ಲ ಹುಟ್ಟಿವೆ. ಅಮೆರಿಕದ ಲೂಸಿಯಾನದಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ, ಮಾರಿಷಸ್‌ನಲ್ಲಿ ಇಂಥ ಮನೆಗಳಿಗೆ ಕ್ರಿಯೋಲ್ ಮನೆ ಎನ್ನುತ್ತಾರೆ. ಅಗಲವಾದ ಜಗಲಿ, ಇಳಿಜಾರು ಸೂರು, ಗಾಳಿ ಆಡಲು ಎದುರುಬದುರು ಬಾಗಿಲು. ಯಜಮಾನ ಯೂರೋಪಿನವನಾದರೂ ಮನೆಗೆ ರೂಪ ಕೊಟ್ಟದ್ದು ಅಲ್ಲಿನ ಮಳೆ, ಬಿಸಿಲು ಮತ್ತು ಅಲ್ಲಿನ ಕೆಲಸಗಾರರ ಅನುಭವ.

ಬೆಂಗಳೂರಿನ ಬಂಗಲೆಯೂ ಅದೇ ಕುಲದ್ದು. 1809ರಲ್ಲಿ ಇಂಗ್ಲಿಷರು ಇಲ್ಲಿ ದಂಡು ಸ್ಥಾಪಿಸಿದ ಮೇಲೆ ಅಧಿಕಾರಿಗಳಿಗಾಗಿ ಬಂಗಲೆಗಳು ಎದ್ದವು. ಬಂಗಾಳದ ಹಳ್ಳಿಮನೆಯ ಆಕಾರ, ಇಂಗ್ಲೆಂಡಿನ ಪೋರ್ಟಿಕೋ, ನಮ್ಮ ಕಲ್ಲು, ನಮ್ಮ ಗಾರೆ ಎಲ್ಲ ಅಲ್ಲಿ ಸೇರಿದವು. ಕಿಟಕಿ ಮತ್ತು ಪೋರ್ಟಿಕೋದ ನೆತ್ತಿಗೆ ಮರದ ಪಟ್ಟಿಗಳನ್ನು ಚೂಪಾಗಿ ಜೋಡಿಸಿ ಮಾಡಿದ ಮುಸುಕು ಕೂಡಿಸುವುದು ಈ ಊರಿನದೇ ವಿಶೇಷ. ಅದಕ್ಕೆ ಮಂಕಿ ಟಾಪ್ ಎಂಬ ಹೆಸರು ಬಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚೂ ಈ ಮನೆಗಳಿಗೆ ಬಂತು.

ಬಸವನಗುಡಿ, ಮಲ್ಲೇಶ್ವರಗಳಿಗೆ 1892ರಲ್ಲಿ ಯೋಜನೆಯಾಯಿತು. 1898ರ ಪ್ಲೇಗು ಪೇಟೆಯ ಜನರನ್ನು ಬಯಲಿಗೆ ಓಡಿಸಿತು. ಆಗ ಬಸವನಗುಡಿಯಲ್ಲಿ ಮನೆ ಕಟ್ಟಿದವರು ದಂಡಿನ ಬಂಗಲೆಯನ್ನು ನೋಡಿಕೊಂಡು ಬಂದು ಅದನ್ನು ತಮ್ಮ ಮನೆತನಕ್ಕೆ ಒಗ್ಗಿಸಿಕೊಂಡರು. ಮುಂದೆ ಪೋರ್ಟಿಕೋ ಉಳಿಯಿತು, ಅದರ ಪಕ್ಕಕ್ಕೆ ಕೂರಲು ಜಗಲಿಕಟ್ಟೆ ಬಂತು. ಒಳಗೆ ದೇವರಮನೆ, ಹಿಂದೆ ಅಡುಗೆಮನೆ, ಅದರಾಚೆ ಹಂಡೆ ಹೂತ ಬಚ್ಚಲು, ಹಿತ್ತಲಲ್ಲಿ ಬಾವಿ ಮತ್ತು ತುಳಸಿಕಟ್ಟೆ. ಪರಂಗಿಯವನ ಮನೆಯನ್ನು ನಮ್ಮ ಅಜ್ಜಿಯರು ಮಡಿ, ಹಬ್ಬ, ಬಾಣಂತನಗಳಿಗೆ ಹೊಂದುವಂತೆ ತಿದ್ದಿದರು. ಯಾವ ಎಂಜಿನಿಯರನ ಕಾಗದದಲ್ಲೂ ಇಲ್ಲದ ತಿದ್ದುಪಡಿ ಇದು. ಅದಕ್ಕೇ ಇಂಥ ಮನೆ ಹೋದರೆ ಇಟ್ಟಿಗೆ ಮರದ ಜೊತೆಗೆ ಒಂದು ಬದುಕಿನ ಕ್ರಮದ ದಾಖಲೆಯೂ ಹೋಗುತ್ತದೆ.

ಆ ಮನೆಗಳ ಒಂದು ತಾರಸಿಯನ್ನು ಹತ್ತಿರದಿಂದ ನೋಡೋಣ. ತೇಗದ ತೊಲೆಗಳನ್ನು ಗೋಡೆಯಿಂದ ಗೋಡೆಗೆ ಹಾಯಿಸುತ್ತಿದ್ದರು. ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಓರೆಸಾಲಿನಲ್ಲಿ, ಸುಣ್ಣದ ಗಾರೆಯಿಂದ ಕಚ್ಚಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆ ಚೂರು ಸುಣ್ಣ ಬೆರೆತ ಗಚ್ಚು. ಆ ಗಚ್ಚಿಗೆ ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಚಿಮುಕಿಸುತ್ತ, ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿತ ನಿಂತ ಮೇಲೆ ನೀರು ಇಳಿಯದ ಸೂರು ಸಿದ್ಧವಾಗುತ್ತಿತ್ತು. ಇದಕ್ಕೆ ಮದ್ರಾಸ್ ತಾರಸಿ ಎನ್ನುತ್ತಾರೆ. ಸುಣ್ಣದ ಗೋಡೆ ಹೀರಿಕೊಂಡ ತೇವವನ್ನು ಮತ್ತೆ ಹೊರಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗಾರೆ ಉದುರುತ್ತದೆ, ತೊಲೆಯ ತುದಿ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ಹಳೆಯ ಮನೆಗಳು ಎಷ್ಟೋ ಸಲ ವಯಸ್ಸಾಗಿ ಬೀಳುವುದಿಲ್ಲ, ತಪ್ಪು ರಿಪೇರಿಯಿಂದ ಬೀಳುತ್ತವೆ. ಆದ್ದರಿಂದ ಮನೆ ಉಳಿಸಬೇಕು ಎನ್ನುವವರು ಸುಣ್ಣದ ಕೆಲಸ ಬಲ್ಲ ಗಾರೆಯವರನ್ನೂ ಉಳಿಸಿಕೊಳ್ಳಬೇಕು.

ಈಗ ಯಾದವಗಿರಿಗೆ ಬರುತ್ತೇನೆ. 1990ರ ದಶಕದಲ್ಲಿ ನಾರಾಯಣ್ ಚೆನ್ನೈಗೆ ಹೋದರು. 2001ರ ಮೇ 13ರಂದು ಅಲ್ಲೇ ತೀರಿಕೊಂಡರು. ಹತ್ತು ವರ್ಷಗಳ ಮೇಲೆ ಮೈಸೂರಿನ ಮನೆ ಕಟ್ಟಡದ ಉದ್ಯಮದವರಿಗೆ ಮಾರಾಟವಾಗಿ, ಕೆಡವುವ ಕೆಲಸ ಶುರುವಾಯಿತು. ಕುಟುಂಬದವರನ್ನು ದೂರುವುದಕ್ಕೆ ನಾನು ಒಪ್ಪುವುದಿಲ್ಲ. ದೊಡ್ಡ ನಿವೇಶನ, ದೂರದಲ್ಲಿ ನೆಲೆಸಿದ ವಾರಸುದಾರರು, ದಿನೇದಿನೇ ಸೋರುವ ಸೂರು. ಇಂಥ ಸಂಕಟ ನಮ್ಮ ನಡುವಿನ ನೂರಾರು ಕುಟುಂಬಗಳಿಗೆ ಇದೆ. ಯಾದವಗಿರಿಯಲ್ಲಿ ಬೇರೆಯಾಗಿ ನಡೆದದ್ದು ಒಂದೇ. ಸುದ್ದಿ ಪತ್ರಿಕೆಗಳಲ್ಲಿ ಬಂದ ಕೂಡಲೇ ಮೈಸೂರಿನವರು ದನಿ ಎತ್ತಿದರು. ಆ ದನಿಗೆ ಆಡಳಿತ ಓಗೊಟ್ಟಿತು. ಕೆಡವುವ ಕೆಲಸ ನಿಂತಿತು. ಮನೆಗೆ ಪಾರಂಪರಿಕ ಕಟ್ಟಡದ ಮಾನ್ಯತೆ ಸಿಕ್ಕಿತು. ಮುಂದೆ ಸಾರ್ವಜನಿಕ ಹಣದಲ್ಲಿ ಅದನ್ನು ಕೊಂಡು ದುರಸ್ತಿ ಮಾಡಿಸಿದರು.

ಅಷ್ಟರಲ್ಲಿ ಒಂದು ಆಕ್ಷೇಪ ಎದ್ದಿತು. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಕನ್ನಡನಾಡಿನ ಬೊಕ್ಕಸದ ಹಣ ಏಕೆ ಎಂದು ಕೆಲವು ಕನ್ನಡ ಲೇಖಕರೇ ಕೇಳಿದರು. ಆ ಪ್ರಶ್ನೆಯ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಕನ್ನಡದ ಎಷ್ಟೋ ದೊಡ್ಡವರ ಮನೆಗಳು ಹೇಳಹೆಸರಿಲ್ಲದೆ ಹೋಗಿವೆ. ಆದರೂ ನನ್ನ ಅಭಿಪ್ರಾಯ ಇದು: ಒಂದು ಮನೆ ಉಳಿದರೆ ಇನ್ನೊಂದನ್ನು ಕೇಳುವ ಹಕ್ಕು ನಮಗೆ ಗಟ್ಟಿಯಾಗುತ್ತದೆ. ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ ನಿಂತಿದೆ, ಮಂಜೇಶ್ವರದಲ್ಲಿ ಗೋವಿಂದ ಪೈಗಳ ನೆಲೆ 'ಗಿಳಿವಿಂಡು' ಆಗಿ ನಿಂತಿದೆ, ಪುತ್ತೂರಿನಲ್ಲಿ ಶಿವರಾಮ ಕಾರಂತರ ಬಾಲವನ ಇದೆ. ಯಾದವಗಿರಿಯ ಮನೆ ಆ ಸಾಲಿಗೆ ಸೇರಿದ ಇನ್ನೊಂದು. ಮೈಸೂರಿನ ಬೀದಿಗಳನ್ನು ನಡೆದು ನಡೆದು ಕಥೆ ಕಂಡವರ ಮನೆ ಮೈಸೂರಿಗೆ ಸೇರಿದ್ದು, ಅವರು ಯಾವ ನುಡಿಯಲ್ಲಾದರೂ ಬರೆದಿರಲಿ.

ಇಂದು ಆ ಮನೆಯಲ್ಲಿ ಅವರ ಪುಸ್ತಕಗಳು, ಚಿತ್ರಗಳು, ಬಳಸಿದ ಉಡುಪು, ಬಂದ ಪ್ರಶಸ್ತಿಗಳು ಇವೆ. ಶಾಲೆಯ ಮಕ್ಕಳು ಬರುತ್ತಾರೆ. ರಾಜ್ಯಸಭೆಯ ಸದಸ್ಯರಾಗಿದ್ದಾಗ ನಾರಾಯಣ್ ಮಾತಾಡಿದ್ದು ಇದೇ ಮಕ್ಕಳ ಬೆನ್ನಿನ ಮೇಲಿನ ಪುಸ್ತಕದ ಹೊರೆಯ ಬಗ್ಗೆ. ಆ ಮಾತನ್ನು ಪಠ್ಯದಲ್ಲಿ ಓದುವುದು ಬೇರೆ, ಮಾತಾಡಿದವರು ಕೂತು ಬರೆದ ಕೋಣೆಯಲ್ಲಿ ನಿಂತು ಕೇಳುವುದು ಬೇರೆ. ಮನೆಯೊಂದು ಪಾಠ ಮಾಡುವುದು ಹೀಗೆ.

ಮನೆಗಳು ಊರಿನ ಕೆಲಸ ಮಾಡಿದ್ದು ಹೊಸತೇನೂ ಅಲ್ಲ. ನೀವೀಗ ಕೇಳುತ್ತಿರುವ ಬಾನುಲಿಯನ್ನೇ ತೆಗೆದುಕೊಳ್ಳಿ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ ಬಾನುಲಿ ಪ್ರಸಾರ ಆರಂಭಿಸಿದ್ದು ತಮ್ಮ ಸ್ವಂತ ಮನೆಯಿಂದ. ಇಂದಿನ ಮೈಸೂರು ಆಕಾಶವಾಣಿ ಇರುವುದೂ ಯಾದವಗಿರಿಯಲ್ಲೇ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ಒಂದು ಕಾಲಕ್ಕೆ ಶ್ರೀಮಂತರ ವಾಸದ ಮನೆ. ಆಮೇಲೆ ಕಚೇರಿಯಾಯಿತು, ಪಾಳು ಬೀಳುವ ಹಂತಕ್ಕೂ ಹೋಯಿತು. 2009ರ ಫೆಬ್ರವರಿಯಲ್ಲಿ ಅದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ತೆರೆಯಿತು. ಕಾಂಪೌಂಡಿನ ಮರಗಳೂ ಉಳಿದವು.

ದೂರದ ಒಂದು ಉದಾಹರಣೆ ಹೇಳುತ್ತೇನೆ. ನ್ಯೂ ಆರ್ಲಿಯನ್ಸ್ ನಗರದಲ್ಲಿ ನೀರುಕಾಲುವೆಯೊಂದರ ದಡದಲ್ಲಿ ಪಿಟೋ ಹೌಸ್ ಎಂಬ ಕ್ರಿಯೋಲ್ ಮನೆ ಇದೆ. 1799ರಲ್ಲಿ ಅದರ ಕಟ್ಟಡ ಶುರುವಾಯಿತು. ಊರಿನ ಮೇಯರ್ ಆಗಿದ್ದ ಜೇಮ್ಸ್ ಪಿಟೋ 1810ರಿಂದ ಅಲ್ಲಿ ವಾಸವಿದ್ದರು. 1960ರ ದಶಕದಲ್ಲಿ ಆ ಜಾಗ ಒಂದು ಶಾಲೆಗೆ ಬೇಕಾಗಿ, ಮನೆ ಹೋಗುವುದರಲ್ಲಿತ್ತು. ಆಗ ಲೂಸಿಯಾನ ಲ್ಯಾಂಡ್‌ಮಾರ್ಕ್ಸ್ ಸೊಸೈಟಿ ಎಂಬ ನಾಗರಿಕರ ಸಂಘ ಮುಂದೆ ಬಂತು. 1964ರಲ್ಲಿ ಮನೆಯನ್ನು ಸ್ವಲ್ಪ ದೂರಕ್ಕೆ ಸರಿಸಿ ನಿಲ್ಲಿಸಿದರು. ಶಾಲೆಗೆ ಜಾಗವೂ ಸಿಕ್ಕಿತು, ಮನೆಯೂ ಉಳಿಯಿತು. ಈಗ ಅದು ವಸ್ತುಸಂಗ್ರಹಾಲಯ, ಆ ಸಂಘದ ಕಚೇರಿಯೂ ಅಲ್ಲೇ. ನೆರೆಹೊರೆಯವರು ಸಂಘ ಕಟ್ಟಿ ಮನೆಯ ಹೊಣೆ ಹೊತ್ತರೆ ಏನಾಗಬಹುದು ಎಂಬುದಕ್ಕೆ ಅದು ಸಾಕ್ಷಿ. ಇನ್ನೊಂದು ಮಾತು. ಲೂಸಿಯಾನದ ಆ ಕಾಲದ ಸಿರಿ ನಿಂತದ್ದು ಗುಲಾಮರ ಬೆವರಿನ ಮೇಲೆ. ಅಂಥ ಮನೆಯನ್ನು ಉಳಿಸುವವರು ಯಜಮಾನನ ಚಿತ್ರ ತೂಗುಹಾಕಿ ಸುಮ್ಮನಾಗುವಂತಿಲ್ಲ. ಗೋಡೆ ಕಟ್ಟಿದವರ ಕಥೆಯನ್ನೂ ಅಲ್ಲಿ ಹೇಳಲೇಬೇಕು.

ನಮ್ಮ ಪಕ್ಕದಲ್ಲೇ ಉಳಿಯದೆ ಹೋದದ್ದೂ ಒಂದಿದೆ. ಲಾಲ್‌ಬಾಗಿನ ಕೃಂಬಿಗಲ್ ಸಭಾಂಗಣ. ಜರ್ಮನಿಯಿಂದ ಬಂದು ಲಾಲ್‌ಬಾಗಿನ ಮೇಲ್ವಿಚಾರಕರಾಗಿ, ಈ ಊರಿನ ಸಾಲುಮರಗಳಿಗೆ ಹೂವಿನ ಋತುಗಳನ್ನು ತಂದ ಜಿ.ಎಚ್. ಕೃಂಬಿಗಲ್ ಅವರ ಹೆಸರಿನ ಕಟ್ಟಡ ಅದು. ತೋಟಗಾರಿಕೆಯ ಉಪನ್ಯಾಸಗಳು ನಡೆಯುತ್ತಿದ್ದ ಜಾಗ. ಕೆಲಸ ನಿಂತ ಮೇಲೆ ಬೀಗ ಬಿತ್ತು, ಬೀಗ ಬಿದ್ದ ಮೇಲೆ ಸೂರು ಸೋರಿತು. 2017ರಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಕಟ್ಟಡ ಕುಸಿಯಿತು. ಬೆಳಗಿನ ನಡಿಗೆಗೆ ಹೋಗುವ ಸಾವಿರಾರು ಮಂದಿ ವರ್ಷಗಟ್ಟಲೆ ಅದರ ಮುಂದೆಯೇ ಹಾದುಹೋಗುತ್ತಿದ್ದೆವು. ದೀಪ ಹಚ್ಚುವವರಿಲ್ಲದ ಮನೆ ನಿಲ್ಲುವುದಿಲ್ಲ. ಯಾದವಗಿರಿಯ ಮನೆ ಉಳಿದದ್ದಕ್ಕೂ ಲಾಲ್‌ಬಾಗಿನ ಸಭಾಂಗಣ ಬಿದ್ದದ್ದಕ್ಕೂ ನಡುವಿನ ವ್ಯತ್ಯಾಸ ಇಷ್ಟೇ: ಒಂದಕ್ಕೆ ಸಕಾಲದಲ್ಲಿ ಕೇಳುವವರಿದ್ದರು, ಉಳಿದ ಮೇಲೆ ಮಾಡಲು ಕೆಲಸವೂ ಸಿಕ್ಕಿತು.

ಈಗ ಜಯನಗರದ ಮಾತು. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಬಡಾವಣೆಗೆ ಶಂಕುಸ್ಥಾಪನೆ ಮಾಡಿದರು. ಅಶೋಕ ಸ್ತಂಭ ಅದರ ಗುರುತು. ಜಯಚಾಮರಾಜ ಒಡೆಯರ ಹೆಸರಿನ ಈ ಬಡಾವಣೆಯನ್ನು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬ್ಲಾಕುಗಳಾಗಿ ವಿಂಗಡಿಸಿ ನಿವೇಶನ ಹಂಚಿತು. ಮೇಷ್ಟರು, ಗುಮಾಸ್ತರು, ಬ್ಯಾಂಕು, ಕಾರ್ಖಾನೆಗಳ ನೌಕರರು ಸಾಲ ಮಾಡಿ ಮನೆ ಎಬ್ಬಿಸಿದರು. ಆ ಮನೆಗಳು ಬಸವನಗುಡಿಯ ಬಂಗಲೆಯ ಮೊಮ್ಮಕ್ಕಳು. ಮಂಕಿ ಟಾಪಿನ ಜಾಗಕ್ಕೆ ಸಿಮೆಂಟಿನ ಸಜ್ಜಾ ಬಂತು, ಮದ್ರಾಸ್ ತಾರಸಿಯ ಜಾಗಕ್ಕೆ ಆರ್‌ಸಿಸಿ. ಆದರೆ ಪೋರ್ಟಿಕೋ ಇತ್ತು, ಜಗಲಿ ಇತ್ತು, ದುಂಡುಮೂಲೆಯ ಬಾಲ್ಕನಿ ಇತ್ತು. ಕಾಲಿಟ್ಟರೆ ತಣ್ಣಗೆ ಹೊಳೆಯುವ ರೆಡ್ ಆಕ್ಸೈಡ್ ನೆಲ, ಉದಯಸೂರ್ಯನ ಚಿತ್ತಾರದ ಕಬ್ಬಿಣದ ಗ್ರಿಲ್, ಅಂಗಳಕ್ಕೆ ಒಂದು ತೆಂಗು, ಒಂದು ಸಂಪಿಗೆ. ಹಣೆಯ ಮೇಲೆ ಸಿಮೆಂಟಿನಲ್ಲೇ ಎತ್ತಿ ಬರೆದ ಮನೆಯ ಹೆಸರು, ಕೆಳಗೆ ಕಟ್ಟಿದ ಇಸವಿ. ಆ ಒಂದು ಸಾಲನ್ನು ಗಾರೆಯವರು ಕರಣೆಯ ತುದಿಯಿಂದ ತಿದ್ದಿ ತಿದ್ದಿ ಮಾಡುತ್ತಿದ್ದರು. ಸಾಲ ತೀರಿಸಲು ಮಾಸ್ತರರಿಗೆ ಇಪ್ಪತ್ತು ವರ್ಷ ಬೇಕಾದರೂ ಹೆಸರು ಮಾತ್ರ ಗೃಹಪ್ರವೇಶದ ಮೊದಲೇ ಎದ್ದು ನಿಲ್ಲುತ್ತಿತ್ತು.

ಇವು ಅರಮನೆಗಳಲ್ಲ. ಇವುಗಳಲ್ಲಿ ಬಾಳಿದವರಲ್ಲಿ ಬಹುಪಾಲಿನವರು ಪ್ರಸಿದ್ಧರೂ ಅಲ್ಲ. ಆದರೂ ಸ್ವತಂತ್ರ ಭಾರತದ ಮೊದಲ ತಲೆಮಾರಿನ ಮಧ್ಯಮವರ್ಗ ಹೇಗೆ ಬಾಳಿತು ಎಂದು ನಾಳೆಯ ಮಕ್ಕಳು ಕೇಳಿದರೆ ತೋರಿಸಲು ನಮ್ಮಲ್ಲಿ ಇರುವುದು ಇವೇ. ಅಣ್ಣತಮ್ಮಂದಿರ ಪಾಲು, ನಿವೇಶನದ ಬೆಲೆ, ಬಿಲ್ಡರ್ ಜೊತೆಗಿನ ಒಪ್ಪಂದ, ಹೀಗೆ ಒಂದೊಂದೇ ಮನೆ ಹೋಗಿ ಅಲ್ಲಿ ಕೆಳಗೆ ಕಾರು ನಿಲ್ಲುವ ನಾಲ್ಕಂತಸ್ತು ಏಳುತ್ತಿದೆ. ಎಲ್ಲವನ್ನೂ ಉಳಿಸಿ ಎಂದು ಯಾರನ್ನೂ ಕೇಳಲಾಗದು. ಒಂದೊಂದು ಬಡಾವಣೆಗೆ ಒಂದೊಂದು ಮನೆಯನ್ನಾದರೂ ಉಳಿಸಿ ಎಂದು ಕೇಳಬಹುದು. ಪಾಲಿಕೆ ಅದನ್ನು ಕೊಳ್ಳಲಿ, ಇಲ್ಲವೇ ಕುಟುಂಬದವರೇ ಟ್ರಸ್ಟು ಮಾಡಿ ನಡೆಸಲಿ, ನೆರೆಯವರು ಕೈಜೋಡಿಸಲಿ.

ಅಂಥ ಮನೆಯಲ್ಲಿ ಏನಿರಬೇಕು? ನಿವೇಶನ ಹಂಚಿಕೆಯ ಹಳೆಯ ಪತ್ರ, ಕೈಯಿಂದ ಬರೆದ ಮನೆಯ ನಕ್ಷೆ, ಪಡಿತರ ಚೀಟಿ, ಒರಳುಕಲ್ಲು, ಹಂಡೆ, ರೇಡಿಯೋ ಲೈಸೆನ್ಸು, ಮದುವೆ ಮನೆಯ ಫೋಟೋಗಳು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ನಮ್ಮ ಬಡಾವಣೆಗಳು ಖಾಲಿ ನೆಲದ ಮೇಲೆ ಎದ್ದವಲ್ಲ. ಯಡಿಯೂರು, ಭೈರಸಂದ್ರ, ಕನಕನಪಾಳ್ಯ, ಸಿದ್ದಾಪುರ, ಸಾರಕ್ಕಿ, ಕತ್ತರಿಗುಪ್ಪೆ, ತಾವರೆಕೆರೆ, ಮಡಿವಾಳ ಎಲ್ಲ ಉತ್ತು ಬಿತ್ತಿದ ಹಳ್ಳಿಗಳು, ಕೆರೆಯ ಊರುಗಳು. ಆ ಹೊಲ ತೋಟ ಬಿಟ್ಟುಕೊಟ್ಟವರ ಮನೆತನಗಳು ಇನ್ನೂ ಇಲ್ಲೇ ಇವೆ. ಗ್ರಾಮದೇವತೆಯ ಜಾತ್ರೆ ಇನ್ನೂ ನಡೆಯುತ್ತದೆ. ಅವರ ಬಾಯಿಂದ ಊರಿನ ಕಥೆ ಕೇಳಿ ದಾಖಲು ಮಾಡದ ಪರಂಪರೆಯ ಮನೆ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. ಯಜಮಾನನ ಫೋಟೋ ಎಷ್ಟು ಎತ್ತರದಲ್ಲಿ ತೂಗುತ್ತದೋ, ನೆಲ ಕೊಟ್ಟವರ ಹೆಸರೂ ತಾರಸಿ ಬಡಿದ ಹೆಂಗಸರ ಕಥೆಯೂ ಅಷ್ಟೇ ಎತ್ತರದಲ್ಲಿ ಇರಬೇಕು.

ಅಲ್ಲಿ ದಿನವೂ ಕೆಲಸ ನಡೆಯುತ್ತಿರಬೇಕು. 1945ರಲ್ಲಿ ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಅದೇ ವರ್ಷ ಬಿ.ಪಿ. ವಾಡಿಯಾ ಬಸವನಗುಡಿಯಲ್ಲಿ ಸ್ಥಾಪಿಸಿದ ವಿಶ್ವ ಸಂಸ್ಕೃತಿ ಸಂಸ್ಥೆ, ಇವು ಇಷ್ಟು ವರ್ಷ ಬಾಳಿರುವುದು ಓದುವವರಿಗೆ ಪುಸ್ತಕ, ಕೇಳುವವರಿಗೆ ಉಪನ್ಯಾಸ ಕೊಡುತ್ತ ಬಂದದ್ದರಿಂದ. ನಮ್ಮ ಪರಂಪರೆಯ ಮನೆಯಲ್ಲೂ ಮಧ್ಯಾಹ್ನ ಹಿರಿಯರಿಗೆ ಪತ್ರಿಕೆ, ಸಂಜೆ ಮಕ್ಕಳಿಗೆ ಕಥೆ, ಭಾನುವಾರ ಒಂದು ಸಂಗೀತ ಕಛೇರಿ ಇರಲಿ.

ಇದಕ್ಕೆಲ್ಲ ವರ್ಷಗಳು ಬೇಕು. ಆದರೆ ನಾಳೆಯೇ ಮಾಡಬಹುದಾದದ್ದೂ ಇದೆ. ನಿಮ್ಮ ಬೀದಿಯಲ್ಲಿ ಹಳೆಯ ಮನೆಯೊಂದನ್ನು ಕೆಡವುವ ಸುದ್ದಿ ಇದ್ದರೆ ಯಜಮಾನರ ಬಳಿ ಹೋಗಿ ವಿನಯದಿಂದ ಕೇಳಿ: ಕೆಡವುವ ಮೊದಲು ಫೋಟೋ ತೆಗೆಯಲು, ಕೋಣೆಗಳ ಅಳತೆ ಬರೆದುಕೊಳ್ಳಲು ಬಿಡುತ್ತೀರಾ ಅಂತ. ವಾಸ್ತುಶಿಲ್ಪ ಓದುವ ಹುಡುಗ ಹುಡುಗಿಯರು ಈ ಊರಲ್ಲಿ ಬೇಕಾದಷ್ಟಿದ್ದಾರೆ, ಕರೆದರೆ ಸಂತೋಷದಿಂದ ಬರುತ್ತಾರೆ. ಹಳೆಯ ಬಾಗಿಲು, ಪತ್ರ, ಪಟಗಳನ್ನು ಗುಜರಿಗೆ ಹಾಕಬೇಡಿ, ಬಡಾವಣೆಯ ಸಂಘಕ್ಕೆ ಕೊಡಿ ಎಂದು ಹೇಳಿ. ಮನೆ ಉಳಿಸುವ ಮನಸ್ಸು ಯಜಮಾನರಿಗೆ ಇದ್ದು ಹಣದ ತೊಂದರೆ ಇದ್ದರೆ ಆ ವಿಷಯವನ್ನು ನಾಲ್ಕು ಜನರ ಮುಂದೆ ಇಡಿ, ಪಾಲಿಕೆಗೆ ಅರ್ಜಿ ಬರೆಯಿರಿ, ಪತ್ರಿಕೆಗೆ ತಿಳಿಸಿ. ಮೈಸೂರಿನವರು ಮಾಡಿದ್ದು ಇದನ್ನೇ. ಅವರು ಕೇಳಿದ್ದರಿಂದ ಸಿಕ್ಕಿತು. ನಾವೂ ಕೇಳೋಣ, ಒಬ್ಬೊಬ್ಬರಾಗಿ ಅಲ್ಲ, ಬೀದಿ ಬೀದಿಯವರು ಸೇರಿ ಕೇಳೋಣ.